ಕೆಮ್ಮಣ್ಣಿಂದ ಬಂದ ಕಬ್ಬಿಣ: ಸರ್ ಎಂ.ವಿ. ಮತ್ತು ನಮ್ಮ ಗುಡ್ಡದ ಬಾಲ್ಕನಿಗಳು

ಸೆಪ್ಟೆಂಬರ್ 15 ಬಂತು ಅಂದ್ರೆ ಡಿಪಾರ್ಟ್‌ಮೆಂಟಿನ ಗೋಡೆ ಮೇಲೆ ಮೈಸೂರು ಪೇಟದ ಅದೇ ಫೋಟೊ, ಪಕ್ಕದಲ್ಲಿ ಕನ್ನಂಬಾಡಿ ಕಟ್ಟೆ. ವಾಟ್ಸಾಪಿನಲ್ಲಿ ರೈಲಿನ ಕತೆ ಓಡಾಡತ್ತೆ: ಹಳಿಯ ಸದ್ದು ಬದಲಾದದ್ದು ಕೇಳಿ ಚೈನ್ ಎಳೆದು ನೂರಾರು ಜನರನ್ನ ಉಳಿಸಿದರಂತೆ. ಯಾವ ಊರು, ಯಾವ ಇಸವಿ ಅಂತ ಆ ಕತೆಯಲ್ಲಿ ಇರೋದೇ ಇಲ್ಲ. ಅದನ್ನ ಪಕ್ಕಕ್ಕಿಡೋಣ. ದಾಖಲೆಯಲ್ಲಿ ಸಿಗುವ ವಿಶ್ವೇಶ್ವರಯ್ಯ ಅದಕ್ಕಿಂತ ದೊಡ್ಡವರು.

ಈ ಸಲ ಅವರನ್ನ ನೆನೆಯೋದಕ್ಕೆ ಕಾರಣ ಅಣೆಕಟ್ಟಲ್ಲ, ಬಾಲ್ಕನಿ. ಚಿಕ್ಕಮಗಳೂರಿಂದ ಮೂಡಿಗೆರೆ, ಕಳಸದ ಕಡೆಗೆ ಹೋದರೆ ಕಾಫಿ ತೋಟದ ನಡುವೆ ಗುಡ್ಡದ ಅಂಚಿಗೆ ಚಾಚಿಕೊಂಡ ಹೋಂಸ್ಟೇ ಬಾಲ್ಕನಿಗಳು ಕಾಣ್ತವೆ. ಹಳೇ ತೋಟದ ಮನೆಗಳಲ್ಲಿ ಜಗಲಿಗೆ ಕಂಬ ಇರ್ತಿತ್ತು. ಈಗ ಕಂಬ ಬಂದರೆ ವ್ಯೂ ಹಾಳು, ಹಾಗಾಗಿ ಕ್ಯಾಂಟಿಲಿವರ್. ವೀಕೆಂಡಿಗೆ ಹೋದ ಇಡೀ ಬ್ಯಾಚ್ ಅದರ ತುದಿಯಲ್ಲೇ ನಿಂತು ಗ್ರೂಪ್ ಫೋಟೊ ತೆಗೆಸಿಕೊಳ್ಳತ್ತೆ. ಆ ಸ್ಲ್ಯಾಬಿನ ಅಡಿಭಾಗವನ್ನ ಕೊನೇ ಸಲ ನೋಡಿದವರು ಯಾರು? ಕಟ್ಟಿದ್ದನ್ನ ಮತ್ತೆ ಹೋಗಿ ನೋಡೋದು ಕೂಡ ಎಂಜಿನಿಯರಿನ ಕೆಲಸವೇ ಅನ್ನೋದನ್ನ ಬಾಳಿ ತೋರಿಸಿದವರು ಸರ್ ಎಂ.ವಿ.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕವರಿದ್ದಾಗಲೇ ತಂದೆ ಹೋದರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಮೊದಲ ರ‍್ಯಾಂಕಿನಲ್ಲಿ ಪಾಸಾಗಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆದರು.

ಪುಣೆ ಹತ್ತಿರದ ಖಡಕ್ವಾಸ್ಲಾ ಕೆರೆಗೆ ಅವರು ಮಾಡಿದ ಆಟೊಮ್ಯಾಟಿಕ್ ಗೇಟುಗಳ ಬಗ್ಗೆ ನಾವೆಲ್ಲ ಓದಿದ್ದೇವೆ. 1903ರ ಹೊತ್ತಿಗೆ ಅವನ್ನ ಅಳವಡಿಸಿದರು. ಕಟ್ಟೆ ಎತ್ತರಿಸದೇ, ಕೋಡಿಯ ಮೇಲೆ ಇನ್ನೂ 8 ಅಡಿ ನೀರು ನಿಲ್ಲಿಸಬಹುದಾಯಿತು. ನೀರಿನ ಮಟ್ಟ ಮಿತಿ ದಾಟಿದರೆ ಗೇಟು ತಾನಾಗಿ ತೆರೆದುಕೊಳ್ಳತ್ತೆ, ಇಳಿದರೆ ತಾನಾಗಿ ಮುಚ್ಚಿಕೊಳ್ಳತ್ತೆ. ನಡುರಾತ್ರಿ ಪ್ರವಾಹ ಬಂದಾಗ ಯಾರೋ ಎದ್ದಿರ್ತಾರೆ ಅನ್ನೋ ನಂಬಿಕೆ ಮೇಲೆ ಅವರು ಡಿಸೈನ್ ಮಾಡಲಿಲ್ಲ. ಪೇಟೆಂಟ್ ತಗೊಂಡರು, ಇಲಾಖೆ ಬಳಸಿದ್ದಕ್ಕೆ ರಾಯಲ್ಟಿ ಬೇಡ ಅಂದರು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಹೈದರಾಬಾದ್. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಊರೊಳಗೆ ನುಗ್ಗಿ ಸಾವಿರಾರು ಜನರನ್ನ ಕೊಚ್ಚಿಕೊಂಡು ಹೋಯಿತು. ಮುಂಬಯಿ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನ ನಿಜಾಮ ಸರ್ಕಾರ ಕರೆಸಿಕೊಂಡಿತು. 1909ರಲ್ಲಿ ಬಂದವರು ಮುರಿದ ಮನೆಗಳನ್ನ ಲೆಕ್ಕ ಹಾಕಿ ವರದಿ ಮುಗಿಸಬಹುದಿತ್ತು. ಜಾಸ್ತಿ ಮಳೆ, ದೈವಕೋಪ ಅಂತ ಬರೆದಿದ್ದರೂ ನಡೀತಿತ್ತು. ಅವರು ಹೊಳೆಯ ಮೇಲುಭಾಗಕ್ಕೆ ಹೋದರು. ಮಳೆಯ ಲೆಕ್ಕ ತೆಗೆದರು, ಜಲಾನಯನದ ಕೆರೆಗಳನ್ನ ಎಣಿಸಿದರು. ಒಟ್ಟು 788 ಕೆರೆ. ಅದರಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದು ಕೆಳಗಿನದರ ಮೇಲೆ ಬಿದ್ದು, ಅದೂ ಒಡೆದು ಅದರ ಕೆಳಗಿನದಕ್ಕೆ ನುಗ್ಗಿ, ಊರು ಮುಟ್ಟುವ ಹೊತ್ತಿಗೆ ಮಳೆ ನೀರಿನ ಜೊತೆ ಕೆರೆಗಳ ನೀರೂ ಸೇರಿತ್ತು. ಮದ್ದು ಕೂಡ ಮೇಲ್ಗಡೆಯೇ ಸಿಕ್ಕಿತು. ಪ್ರವಾಹ ತಡೆದು ನಿಲ್ಲಿಸೋ ಎರಡು ದೊಡ್ಡ ಜಲಾಶಯ: 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ.

ಅದೇ 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್. 1911ರಲ್ಲಿ ಕನ್ನಂಬಾಡಿ ಕೆಲಸ ಶುರು, ಸಿಮೆಂಟಿನ ಬದಲು ಸುರ್ಕಿ ಗಾರೆ. 1912ರಲ್ಲಿ ದಿವಾನರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. 1918ರಲ್ಲಿ ರಾಜೀನಾಮೆ. ಹಿಂದುಳಿದ ವರ್ಗದವರಿಗೆ ನೌಕರಿಯಲ್ಲಿ ಪಾಲು ಕೊಡೋ ವಿಷಯದಲ್ಲಿ ಮಹಾರಾಜರ ದಾರಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ವಿಷಯದಲ್ಲಿ ನಾಲ್ವಡಿಯವರೇ ಸರಿ ಅಂತ ನನ್ನ ಅಭಿಪ್ರಾಯ. ಪೋಸ್ಟರಿನಲ್ಲಿ ಇದು ಬರೋದಿಲ್ಲ, ಬರಬೇಕು.

ನಮ್ಮ ಜಿಲ್ಲೆಗೂ ಅವರಿಗೂ ಗಟ್ಟಿ ನಂಟು ಬೆಸೆದದ್ದು ದಿವಾನಗಿರಿ ಬಿಟ್ಟ ಮೇಲೆ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಜಗತ್ತಿನ ಮಾರುಕಟ್ಟೆಯಲ್ಲಿ ಕಬ್ಬಿಣದ ಬೆಲೆ ಬಿದ್ದಿತ್ತು, ಮುಚ್ಚಿಬಿಡಿ ಅನ್ನೋ ಮಾತೂ ಇತ್ತು. ಅವರು ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ನಡೆಸಿ ನಿಲ್ಲಿಸಿಕೊಟ್ಟರು. ಅಲ್ಲಿಂದ ಬರಬೇಕಿದ್ದ ಸಂಭಾವನೆಯ ಹಣ 1943ರಲ್ಲಿ ಬೆಂಗಳೂರಿನಲ್ಲಿ ಕುಶಲ ಕೆಲಸ ಕಲಿಸೋ ಸಂಸ್ಥೆಗೆ ಹೋಯಿತು. ಅದಕ್ಕೆ ತಮ್ಮ ಹೆಸರು ಬೇಡ, ಮಹಾರಾಜರ ಹೆಸರಿರಲಿ ಅಂದರು. ಈಗಿನ ಎಸ್.ಜೆ. ಪಾಲಿಟೆಕ್ನಿಕ್ ಅದೇ.

ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ, ರೋಪ್‌ವೇಯಲ್ಲಿ ಗುಡ್ಡ ಇಳಿದು. ಕಳಸ, ಬಾಳೆಹೊನ್ನೂರು ದಾಟಿ ಬರುವ ಭದ್ರೆ ಪಕ್ಕದಲ್ಲೇ ಹರೀತಾಳೆ. ಊರಿನ ಹೆಸರಲ್ಲೇ ಕೆಮಿಸ್ಟ್ರಿ ಇದೆ ನೋಡಿ: ಕೆಮ್ಮಣ್ಣು ಅಂದ್ರೆ ಕಬ್ಬಿಣದ ಆಕ್ಸೈಡ್. ಅಷ್ಟು ಇದ್ದಿಲು ಸುಟ್ಟು ಆಕ್ಸಿಜನ್ ಬಿಡಿಸಿದರೆ ಕಬ್ಬಿಣ. ನೀರು, ಗಾಳಿ ಸಿಕ್ಕರೆ ಅದು ಯಾರನ್ನೂ ಕೇಳದೆ ಮತ್ತೆ ಕೆಮ್ಮಣ್ಣಾಗತ್ತೆ. ಅದನ್ನೇ ನಾವು ತುಕ್ಕು ಅಂತೀವಿ.

ಈಗ ಆ ಹೋಂಸ್ಟೇ ಬಾಲ್ಕನಿಗೆ ಬನ್ನಿ. ಗೋಡೆಯಿಂದ ಹೊರಗೆ ಚಾಚಿದ ಸ್ಲ್ಯಾಬಿನಲ್ಲಿ ಎಳೆತ ಇರೋದು ಮೇಲ್ಭಾಗದಲ್ಲಿ, ಮುಖ್ಯ ಕಂಬಿ ಇರಬೇಕಾದ್ದೂ ಅಲ್ಲೇ. ನೀರು ನಿಲ್ಲೋದೂ ಮೇಲೇನೇ. ಕಾಂಕ್ರೀಟ್ ಹಾಕುವಾಗ ಕೆಲಸದವರು ಕಂಬಿ ತುಳಿದು ಕೆಳಗಿಳಿಸಿದರೆ ಹುಟ್ಟುವಾಗಲೇ ಬಾಲ್ಕನಿ ಅರ್ಧ ಶಕ್ತಿ ಕಳಕೊಳ್ಳಬಹುದು, ಹೊರಗಿಂದ ಏನೂ ಗೊತ್ತಾಗೋದಿಲ್ಲ. ಮೇಲೆ ಟೈಲ್ಸ್ ಕೂರಿಸಿದ ಮೇಲಂತೂ ಮುಗೀತು. ಮಳೆಗಾಲದಲ್ಲಿ ನೀರು ಹೋಗೋ ತೂತಿಗೆ ಸಿಲ್ವರ್ ಮರದ ಎಲೆ ಕಟ್ಟಿಕೊಂಡರೆ ತಿಂಗಳುಗಟ್ಟಲೆ ತೇವ. ತುಕ್ಕು ಹಿಡಿದ ಕಂಬಿ ಎರಡು ಪಟ್ಟಿಗೂ ಹೆಚ್ಚು ಉಬ್ಬಿ ಕಾಂಕ್ರೀಟನ್ನ ಒಳಗಿಂದಲೇ ಸೀಳತ್ತೆ. ಅಂಚಿನಲ್ಲಿ ಕೆಂಪು ಕಲೆ, ಸುತ್ತಿಗೆಯಲ್ಲಿ ತಟ್ಟಿದರೆ ಪೊಳ್ಳು ಸದ್ದು, ಗೋಡೆ ಸೇರೋ ಕಡೆ ಮೇಲ್ಗಡೆ ಉದ್ದಕ್ಕೆ ಬಿರುಕು, ಅಲುಗಾಡೋ ರೇಲಿಂಗಿನ ಬುಡ: ಕಣ್ಣು, ಕಿವಿ, ಕೈ ಇದ್ದವರಿಗೆ ಇಷ್ಟು ತಿಳಿಯತ್ತೆ. ಉಳಿದದ್ದಕ್ಕೆ ಟೈಲ್ಸ್ ಎಬ್ಬಿಸಬೇಕು. ಐಎಸ್ 875 ವಾಸದ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಭಾರ ಹಿಡಿಯಿರಿ ಅಂದರೆ ಬಾಲ್ಕನಿಗೆ 3 ಅನ್ನತ್ತೆ. ಜನ ಅಲ್ಲೇ ಗುಂಪು ಸೇರ್ತಾರೆ ಅಂತ ಕೋಡ್ ಬರೆದವರಿಗೆ ಗೊತ್ತಿತ್ತು.

2015ರ ಜೂನ್ 16ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟುಹಬ್ಬದ ಪಾರ್ಟಿ ನಡೆಯುವಾಗ ಒಂದು ಅಪಾರ್ಟ್‌ಮೆಂಟಿನ ಬಾಲ್ಕನಿ ಮುರಿದು ನಮ್ಮ ವಯಸ್ಸಿನ ಆರು ಜನ ಸತ್ತರು. ಅದು ಮರದ ತೊಲೆಯ ಬಾಲ್ಕನಿ, ನೀರು ಇಳಿದು ಒಳಗೇ ಕೊಳೆತಿತ್ತು. ಆಮೇಲೆ ಅಲ್ಲಿ ಕಾನೂನು ಬಂತು: ಬಾಡಿಗೆ ಅಪಾರ್ಟ್‌ಮೆಂಟುಗಳಲ್ಲಿ 6 ವರ್ಷಕ್ಕೊಮ್ಮೆ, ಸ್ವಂತ ಫ್ಲ್ಯಾಟುಗಳ ಸಮುಚ್ಚಯಗಳಲ್ಲಿ 9 ವರ್ಷಕ್ಕೊಮ್ಮೆ ಇಂಥ ಬಾಲ್ಕನಿಗಳ ತಪಾಸಣೆ ಆಗಲೇಬೇಕು. ಮೂಸಿಯ ಮೇಲುಭಾಗದಲ್ಲಿ ಕೆರೆ ಎಣಿಸಿದ ಮನುಷ್ಯನಿಗೆ ಈ ಕಾನೂನು ಹೊಸದು ಅನ್ನಿಸ್ತಿರಲಿಲ್ಲ. ಮಲೆನಾಡಿನ ಮಳೆಗೆ 6 ವರ್ಷವೂ ಜಾಸ್ತಿಯೇ. ಪ್ರತಿ ಮಳೆಗಾಲ ಮುಗಿದ ಮೇಲೆ ಒಂದು ಸಲ ನೋಡಬೇಕು.

ಸರ್ ಎಂ.ವಿ. ಕೊನೆಯವರೆಗೂ ಹೋಗಿ ನೋಡೋದನ್ನ ಬಿಡಲಿಲ್ಲ. ತೊಂಬತ್ತು ದಾಟಿದ ಮೇಲೆ ಬಿಹಾರಕ್ಕೆ ಹೋಗಿ, ಗಂಗೆಯ ಮೇಲೆ ಮೊಕಾಮಾದಲ್ಲಿ ಸೇತುವೆಗೆ ಜಾಗ ಗೊತ್ತುಮಾಡಲು ಸಲಹೆ ಕೊಟ್ಟರು. 1955ರಲ್ಲಿ ಭಾರತರತ್ನ ಬಂತು. 1959ರಲ್ಲಿ ಆ ಸೇತುವೆ ತೆರೆಯಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲೇ ಆಯಿತು.