ಫೆರುಚಿಯೊ ಲಂಬೋರ್ಗಿನಿ

ಫೆರುಚಿಯೊ ಲಂಬೋರ್ಗಿನಿ (28 ಏಪ್ರಿಲ್ 1916 – 20 ಫೆಬ್ರವರಿ 1993) ಇಟಲಿಯ ಯಂತ್ರಕುಶಲಿ ಹಾಗೂ ಕೈಗಾರಿಕೋದ್ಯಮಿ. ಎರಡನೆಯ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ತಯಾರಿಕೆಯಿಂದ ಹೆಸರು ಮಾಡಿದ ಇವರು 1963ರಲ್ಲಿ ತಮ್ಮದೇ ಹೆಸರಿನ ಸ್ಪೋರ್ಟ್ಸ್ ಕಾರು ಸಂಸ್ಥೆಯನ್ನು ಸ್ಥಾಪಿಸಿದರು. ತಮ್ಮ ಫೆರಾರಿ ಕಾರಿನ ಕ್ಲಚ್ ಪದೇ ಪದೇ ಕೈಕೊಟ್ಟಾಗ ಅದನ್ನು ಸ್ವಂತ ಟ್ರ್ಯಾಕ್ಟರ್ ಕಾರ್ಖಾನೆಯಲ್ಲೇ ಬದಲಾಯಿಸಿದ್ದು, ಅದೇ ಈ ಸಂಸ್ಥೆಯ ಹುಟ್ಟಿಗೆ ಕಾರಣವಾದದ್ದು ಮೋಟಾರು ವಾಹನಗಳ ಚರಿತ್ರೆಯಲ್ಲಿ ಬಹು ಪ್ರಸಿದ್ಧವಾದ ಪ್ರಸಂಗ.

ಬಾಲ್ಯ ಮತ್ತು ಯುದ್ಧಕಾಲ

ಉತ್ತರ ಇಟಲಿಯ ಫೆರಾರಾ ಪ್ರಾಂತ್ಯದ ಚೆಂಟೊ ಪಟ್ಟಣಕ್ಕೆ ಸೇರಿದ ರೆನಾಟ್ಸೊ ಎಂಬ ಹಳ್ಳಿಯಲ್ಲಿ ಫೆರುಚಿಯೊ ಜನಿಸಿದರು. ತಂದೆ ಆಂಟೋನಿಯೊ, ತಾಯಿ ಎವೆಲಿನಾ. ಕುಟುಂಬದ ವೃತ್ತಿ ದ್ರಾಕ್ಷಿ ಕೃಷಿ. ಬಾಲಕನಿಗೆ ಬೇಸಾಯಕ್ಕಿಂತ ಬೇಸಾಯದ ಯಂತ್ರಗಳ ಮೇಲೆ ಒಲವು ಹೆಚ್ಚಾಗಿತ್ತು. ಬೊಲೊನ್ಯಾ ನಗರದ ಸಮೀಪದ ತಾಂತ್ರಿಕ ಶಾಲೆಯೊಂದರಲ್ಲಿ ಅವರು ಯಂತ್ರವಿದ್ಯೆಯನ್ನು ಕಲಿತರು.

1940ರಲ್ಲಿ ಇಟಲಿಯ ವಾಯುಸೇನೆಗೆ ಸೇರಿಸಲ್ಪಟ್ಟ ಅವರನ್ನು ಏಜಿಯನ್ ಸಮುದ್ರದ ರೋಡ್ಸ್ ದ್ವೀಪಕ್ಕೆ ಕಳುಹಿಸಲಾಯಿತು. ಅಲ್ಲಿ ಸೇನಾ ವಾಹನಗಳ ದುರಸ್ತಿಯ ಹೊಣೆ ಅವರದಾಗಿತ್ತು. ಯುದ್ಧ ಮುಂದುವರಿದಂತೆ ದ್ವೀಪಕ್ಕೆ ಬಿಡಿಭಾಗಗಳು ಬರುವುದು ದುರ್ಲಭವಾಯಿತು. ಒಂದು ವಾಹನದ ಭಾಗವನ್ನು ಕಳಚಿ ಬೇರೊಂದಕ್ಕೆ ಹೊಂದಿಸುವುದು, ಇರುವುದರಲ್ಲೇ ಇಲ್ಲದ್ದನ್ನು ತಯಾರಿಸಿಕೊಳ್ಳುವುದು ನಿತ್ಯದ ಕೆಲಸವಾಯಿತು. ಅವರ ಮುಂದಿನ ಜೀವನವನ್ನು ತಿಳಿಯಲು ಶಾಲೆಯ ಶಿಕ್ಷಣಕ್ಕಿಂತ ಈ ವರ್ಷಗಳೇ ಮುಖ್ಯ. ಯುದ್ಧದ ಕೊನೆಯಲ್ಲಿ ಬ್ರಿಟಿಷರ ಸೆರೆಯಾಳಾಗಿ, 1946ರಲ್ಲಿ ಊರಿಗೆ ಮರಳಿದರು. ಮರುವರ್ಷ ಮಗ ಟೋನಿನೊನ ಹೆರಿಗೆಯ ಸಂದರ್ಭದಲ್ಲಿ ಪತ್ನಿ ಕ್ಲೇಲಿಯಾ ಮೋಂಟಿ ತೀರಿಕೊಂಡರು.

ಟ್ರ್ಯಾಕ್ಟರ್ ಉದ್ಯಮ

ಯುದ್ಧದಿಂದ ಜರ್ಜರಿತವಾದ ಇಟಲಿಯ ರೈತರಿಗೆ ಟ್ರ್ಯಾಕ್ಟರ್ ಬೇಕಾಗಿತ್ತು, ಕೊಳ್ಳಲು ಹಣವಿರಲಿಲ್ಲ. ಸೇನೆಗಳು ಬಿಟ್ಟುಹೋದ ವಾಹನಗಳ ರಾಶಿ ಮಾತ್ರ ಎಲ್ಲೆಡೆ ಬಿದ್ದಿತ್ತು. ಫೆರುಚಿಯೊ ಅವುಗಳನ್ನು ಕೊಂಡು ಮಾರಿಸ್ ಲಾರಿಗಳ ಎಂಜಿನನ್ನು ಅಳವಡಿಸಿ ‘ಕಾರಿಯೊಕಾ’ ಎಂಬ ಟ್ರ್ಯಾಕ್ಟರನ್ನು ನಿರ್ಮಿಸಿದರು. 1948ರ ಫೆಬ್ರವರಿಯಲ್ಲಿ ಚೆಂಟೊ ಪಟ್ಟಣದಲ್ಲಿ ಅದರ ಪ್ರದರ್ಶನ ನಡೆಯಿತು. ಪೆಟ್ರೋಲು ದುಬಾರಿಯಾಗಿದ್ದುದರಿಂದ, ಪೆಟ್ರೋಲಿನಲ್ಲಿ ಚಾಲೂ ಮಾಡಿ ಬಳಿಕ ಅಗ್ಗದ ಡೀಸೆಲ್‌ಗೆ ಬದಲಾಯಿಸಬಹುದಾದ ಸಾಧನವೊಂದನ್ನು ಅವರು ರೂಪಿಸಿ ಪೇಟೆಂಟ್ ಪಡೆದರು. ಗಂಗೊಳ್ಳಿ, ಮರವಂತೆ, ಉಪ್ಪುಂದ ಭಾಗದ ನಾಡದೋಣಿಗಳ ಎಂಜಿನನ್ನು ಪೆಟ್ರೋಲಿನಲ್ಲಿ ಎಬ್ಬಿಸಿ ಸೀಮೆಎಣ್ಣೆಯಲ್ಲಿ ಓಡಿಸುವುದನ್ನು ಕಂಡವರಿಗೆ ಇದರ ಹಿಂದಿನ ಲೆಕ್ಕಾಚಾರ ಸುಲಭವಾಗಿ ಅರ್ಥವಾಗುತ್ತದೆ.

ಅದೇ ವರ್ಷ ಫಿಯಟ್ ಟೊಪೊಲಿನೊ ಎಂಬ ಪುಟ್ಟ ಕಾರನ್ನು ಸ್ವತಃ ಮಾರ್ಪಡಿಸಿಕೊಂಡು ಮಿಲ್ಲೆ ಮಿಲಿಯಾ ಪಂದ್ಯದಲ್ಲಿ ಭಾಗವಹಿಸಿದರು. ಸುಮಾರು 1,100 ಕಿಲೋಮೀಟರ್ ಓಡಿದ ಕಾರು ಟುರಿನ್ ಬಳಿಯ ಫಿಯಾನೊ ಎಂಬಲ್ಲಿ ಉಪಾಹಾರಗೃಹವೊಂದರ ಗೋಡೆಗೆ ನುಗ್ಗಿ ನಿಂತಿತು. ಅಲ್ಲಿಗೆ ಅವರ ಸ್ಪರ್ಧಾಜೀವನ ಮುಗಿಯಿತು. ಮುಂದೆ ತಮ್ಮ ಸಂಸ್ಥೆಯ ಕಾರುಗಳನ್ನೂ ಅವರು ಪಂದ್ಯಗಳಿಗೆ ಇಳಿಸಲಿಲ್ಲ.

ಐವತ್ತರ ದಶಕದಲ್ಲಿ ಟ್ರ್ಯಾಕ್ಟರ್ ಸಂಸ್ಥೆ ವೇಗವಾಗಿ ಬೆಳೆಯಿತು. ದಶಕದ ಅಂತ್ಯಕ್ಕೆ ಮನೆ ಬಿಸಿಯಾಗಿಡುವ ಬರ್ನರ್‌ಗಳ ತಯಾರಿಕೆಯೂ ಸೇರಿಕೊಂಡಿತು.

ಫೆರಾರಿ ಕಾರು ಮತ್ತು ಕ್ಲಚ್

ಸಿರಿ ಬಂದ ಮೇಲೆ ಫೆರುಚಿಯೊ ವೇಗದ ಕಾರುಗಳನ್ನು ಕೊಳ್ಳತೊಡಗಿದರು. ಮರ್ಸಿಡಿಸ್ 300 ಎಸ್‌ಎಲ್, ಮಾಸೆರಾಟಿ 3500 ಜಿಟಿ, ಜಾಗ್ವಾರ್ ಇ-ಟೈಪ್ ಅವರಲ್ಲಿದ್ದವು. 1958ರಲ್ಲಿ ಮೊದಲ ಫೆರಾರಿ 250 ಜಿಟಿ ಬಂತು. ಅನಂತರ ಇನ್ನೂ ಕೆಲವು ಬಂದವು. ಮೂರು ಲೀಟರಿನ, ಹನ್ನೆರಡು ಸಿಲಿಂಡರುಗಳ ಅದರ ಎಂಜಿನನ್ನು ಅವರು ಮೆಚ್ಚಿದ್ದರು. ಮೆಚ್ಚದಿದ್ದದ್ದು ಅದರ ಕ್ಲಚ್.

ಎಂಜಿನಿನೊಡನೆ ಸದಾ ತಿರುಗುವ ಫ್ಲೈವೀಲ್‌ಗೂ ಸ್ಪ್ರಿಂಗ್‌ಗಳ ಬಲದಿಂದ ಒತ್ತುವ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಇರುತ್ತದೆ. ಪೆಡಲ್ ತುಳಿದಾಗ ಹಿಡಿತ ಸಡಿಲವಾಗಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಬೇರೆಯಾಗುತ್ತವೆ. ಬಿಟ್ಟಾಗ ಮತ್ತೆ ಒಂದಾಗುತ್ತವೆ. ಎಂಜಿನಿನ ತಿರುಗುಬಲ ಈ ಹಿಡಿತವನ್ನು ಮೀರಿದರೆ ಪ್ಲೇಟು ಜಾರುತ್ತದೆ. ಆಗ ಎಂಜಿನಿನ ಸದ್ದು ಏರುತ್ತದೆ, ವಾಹನದ ವೇಗ ಏರುವುದಿಲ್ಲ. ಪ್ಲೇಟಿನ ಪದರ ಬಿಸಿಯಾಗಿ ಸವೆಯುತ್ತದೆ. ತುಂಬಿದ ಲಾರಿಯನ್ನು ಕುಂದಾಪುರದ ಕಡೆಯಿಂದ ಬಾಳೆಬರೆ ಘಾಟಿ ಹತ್ತಿಸುತ್ತ ತಿರುವುಗಳಲ್ಲಿ ಅರ್ಧ ಕ್ಲಚ್ ಹಿಡಿದು ನಿಂತ ಚಾಲಕರಿಗೆ ಆ ಸುಟ್ಟ ವಾಸನೆ ಹೊಸತಲ್ಲ. ಫೆರುಚಿಯೊ ಅವರ ಕಾರುಗಳಲ್ಲಿಯೂ ದೋಷ ಹೀಗೆಯೇ ಇತ್ತು: ಸಾಮಾನ್ಯ ಓಡಾಟದಲ್ಲಿ ತೊಂದರೆಯಿಲ್ಲ, ಜೋರಾಗಿ ವೇಗ ಹೆಚ್ಚಿಸಿದರೆ ಕ್ಲಚ್ ಜಾರುತ್ತಿತ್ತು.

ದುರಸ್ತಿಗೆಂದು ಅವರು ಹಲವು ಬಾರಿ ಮರನೆಲ್ಲೊದಲ್ಲಿದ್ದ ಫೆರಾರಿ ಕಾರ್ಖಾನೆಗೆ ಹೋದರು. ಪ್ರತಿ ಸಲವೂ ಕಾರನ್ನು ಒಳಗೆ ಕೊಂಡೊಯ್ದು ಕೆಲವು ಗಂಟೆಗಳ ನಂತರ ಮರಳಿಸಲಾಗುತ್ತಿತ್ತು. ಕೆಲಸ ನೋಡಲು ಅವರಿಗೆ ಅವಕಾಶವಿರಲಿಲ್ಲ. ರೋಡ್ಸ್ ದ್ವೀಪದಲ್ಲಿ ವರ್ಷಗಟ್ಟಲೆ ಸ್ವಂತ ಕೈಯಿಂದ ವಾಹನ ಬಿಚ್ಚಿದವರಿಗೆ ಇದು ಸಹನೆಯಾಗದಿದ್ದುದು ಸಹಜ. ಕೊನೆಗೆ ತಮ್ಮ ಕಾರ್ಖಾನೆಯಲ್ಲೇ ಕಾರನ್ನು ಬಿಚ್ಚಿಸಿದರು.

ಇದು ಸಣ್ಣ ಕೆಲಸವಲ್ಲ. ಎಂಜಿನ್ ಮುಂದಿರುವ ಇಂತಹ ಕಾರಿನಲ್ಲಿ ಕ್ಲಚ್ ಕಾಣಬೇಕಾದರೆ ಮೊದಲು ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು, ಬಳಿಕ ಗೇರ್‌ಬಾಕ್ಸನ್ನು ಕಳಚಬೇಕು. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಚ್ಚಿದರೆ ಅದು ಸೊಟ್ಟಗಾಗಬಹುದಾದ್ದರಿಂದ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಫ್ಲೈವೀಲಿನ ಮೈ ಸುಟ್ಟಿದೆಯೇ, ಎಣ್ಣೆ ಸೋರಿ ಪ್ಲೇಟಿಗೆ ತಾಗಿದೆಯೇ ಎಂದು ನೋಡಬೇಕು. ಹೊಸ ಪ್ಲೇಟನ್ನು ಸರಿಯಾಗಿ ನಡುವಿಗೆ ಕೂರಿಸದಿದ್ದರೆ ಗೇರ್‌ಬಾಕ್ಸಿನ ಶಾಫ್ಟು ಮತ್ತೆ ಒಳಸೇರುವುದೇ ಇಲ್ಲ. ಟ್ರ್ಯಾಕ್ಟರ್ ಮೆಕ್ಯಾನಿಕರಿಗೆ ಇದೆಲ್ಲ ದಿನನಿತ್ಯದ ವಿದ್ಯೆ.

ಬಿಚ್ಚಿದಾಗ ಕಂಡದ್ದು ಅಪರೂಪದ ಭಾಗವೇನೂ ಅಲ್ಲ. ತಮ್ಮ ಟ್ರ್ಯಾಕ್ಟರುಗಳಿಗೆ ತಾವು ತರಿಸುತ್ತಿದ್ದಂಥ ಕ್ಲಚ್ಚೇ ಅದರಲ್ಲಿತ್ತೆಂದೂ, ಅದೇ ಭಾಗಕ್ಕೆ ಫೆರಾರಿ ಹಲವು ಪಟ್ಟು ಬೆಲೆ ಪಡೆಯುತ್ತಿತ್ತೆಂದೂ ಫೆರುಚಿಯೊ ಮತ್ತು ಅವರ ಮಗ ಟೋನಿನೊ ನಂತರ ತಿಳಿಸಿದ್ದಾರೆ. ಬೋರ್ಗ್ ಅಂಡ್ ಬೆಕ್ ಸಂಸ್ಥೆಯ, ಟ್ರ್ಯಾಕ್ಟರಿಗೆ ಬಳಸುವ ದೊಡ್ಡ ಕ್ಲಚ್ಚನ್ನು ಹೊಂದಿಸಿದ ಮೇಲೆ ಜಾರುವಿಕೆ ನಿಂತಿತು. ಪ್ಲೇಟಿನ ಸುತ್ತಳತೆ ಮತ್ತು ಸ್ಪ್ರಿಂಗಿನ ಒತ್ತಡ ಹೆಚ್ಚಿದಷ್ಟೂ ಹಿಡಿತ ಹೆಚ್ಚುವುದರಿಂದ ಇದರಲ್ಲಿ ಪವಾಡವೇನಿಲ್ಲ.

ಈ ದೂರನ್ನು ಅವರು ಎಂಜೊ ಫೆರಾರಿಯವರ ಮುಂದೆ ನೇರವಾಗಿ ಇಟ್ಟರು. ಬಹಳ ಹೊತ್ತು ಕಾಯಿಸಿದ ನಂತರ ಭೇಟಿಯಾದ ಎಂಜೊ, ದೋಷ ಕಾರಿನದಲ್ಲ, ಟ್ರ್ಯಾಕ್ಟರ್ ಓಡಿಸುವವರಿಗೆ ಫೆರಾರಿ ಓಡಿಸಲು ಬಾರದಿರುವುದೇ ದೋಷ ಎಂಬ ಅರ್ಥದಲ್ಲಿ ಉತ್ತರಿಸಿದರೆಂದು ಪ್ರತೀತಿ. ಈ ಭೇಟಿಯ ವಿವರ ಮುಖ್ಯವಾಗಿ ಫೆರುಚಿಯೊ ಅವರ ಬಾಯಿಂದಲೇ ಬಂದದ್ದು ಎಂಬುದನ್ನು ಓದುಗರು ಗಮನಿಸಬೇಕು. ಹೆಚ್ಚಾಗಿ ಉಲ್ಲೇಖಿಸಲಾಗುವ ಅವರ ಸಂದರ್ಶನ ಪ್ರಕಟವಾದದ್ದು 1991ರಲ್ಲಿ. ಎಂಜೊ 1988ರಲ್ಲೇ ನಿಧನರಾಗಿದ್ದರು. ಕ್ಲಚ್ ಬದಲಾಯಿಸಿದ್ದು ಭೇಟಿಗೆ ಮೊದಲೋ ನಂತರವೋ ಎಂಬುದು ಒಂದೊಂದು ನಿರೂಪಣೆಯಲ್ಲಿ ಒಂದೊಂದು ರೀತಿ ಇದೆ. ಅವಮಾನಿತ ರೈತನ ಸೇಡಿನ ಕಥೆಯಾಗಿ ಇದು ಜನಪ್ರಿಯವಾಗಿದ್ದರೂ, ಆ ವೇಳೆಗೆ ಫೆರುಚಿಯೊ ದೊಡ್ಡ ಉದ್ಯಮಿಯಾಗಿದ್ದರು. ಬಿಡಿಭಾಗದ ಬೆಲೆಯನ್ನು ಕಂಡು ಈ ವ್ಯಾಪಾರದ ಲಾಭವನ್ನು ಅವರು ಅಳೆದರು ಎಂಬುದೇ ಹೆಚ್ಚು ಒಪ್ಪತಕ್ಕ ವಿವರಣೆ. ಹಾಗೆಂದು ಮಾತಿನ ಗಾಯ ಇರಲೇ ಇಲ್ಲವೆನ್ನಲಾಗದು. ಮುಪ್ಪಿನಲ್ಲೂ ಅವರು ಅದನ್ನು ಮರೆತಿರಲಿಲ್ಲ.

ಕಾರು ತಯಾರಿಕೆ

1963ರಲ್ಲಿ ಸಾಂತ್‌ಅಗಾತಾ ಬೊಲೊನ್ಯೇಸೆ ಎಂಬಲ್ಲಿ ಕಾರ್ಖಾನೆ ತಲೆಯೆತ್ತಿತು. ಹಿಂದೆ ಫೆರಾರಿಯಲ್ಲಿದ್ದ ಜೊತ್ತೊ ಬಿಟ್ಸರಿನಿ 3.5 ಲೀಟರಿನ, ಹನ್ನೆರಡು ಸಿಲಿಂಡರಿನ ಎಂಜಿನನ್ನು ವಿನ್ಯಾಸಗೊಳಿಸಿದರು. ಅದು ಪಂದ್ಯದ ಕಾರಿಗೆ ಒಪ್ಪುವಂತಿತ್ತು. ಫೆರುಚಿಯೊ ಬಯಸಿದ್ದು ದೂರದ ಪ್ರಯಾಣದಲ್ಲಿ ತೊಂದರೆ ಕೊಡದ ಕಾರು. ಆದ್ದರಿಂದ ಜಾನ್ ಪಾವ್ಲೊ ದಲ್ಲಾರಾ ಮತ್ತು ಪಾವ್ಲೊ ಸ್ಟಾಂಟ್ಸಾನಿ ಎಂಬ ಯುವ ಎಂಜಿನಿಯರುಗಳು ಅದನ್ನು ರಸ್ತೆಗೆ ತಕ್ಕಂತೆ ಪಳಗಿಸಿದರು. 1964ರಲ್ಲಿ ಬಂದ 350 ಜಿಟಿ ಕಾರಿಗೆ ಗೇರ್‌ಬಾಕ್ಸನ್ನು ಜರ್ಮನಿಯ ಜಡ್‌ಎಫ್ ಸಂಸ್ಥೆಯಿಂದ ತರಿಸಲಾಯಿತು. ಒಳ್ಳೆಯ ಭಾಗ ಹೊರಗೆ ಸಿಗುವಾಗ ಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ.

1966ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಅನಾವರಣಗೊಂಡ ಮಿಯುರಾ, ಎಂಜಿನನ್ನು ಆಸನಗಳ ಹಿಂದೆ ಅಡ್ಡಲಾಗಿ ಇರಿಸಿಕೊಂಡಿತ್ತು. ಇದರ ಹೆಸರು ಸ್ಪೇನಿನ ಪ್ರಸಿದ್ಧ ಗೂಳಿ ಸಾಕಣೆದಾರ ಮನೆತನದ್ದು. ಸಂಸ್ಥೆಯ ಲಾಂಛನದ ಗೂಳಿ ಫೆರುಚಿಯೊ ಅವರ ವೃಷಭ ರಾಶಿಯಿಂದ ಬಂದದ್ದು. 1971ರಲ್ಲಿ ಕೌಂಟಾಕ್‌ನ ಮಾದರಿ ಪ್ರದರ್ಶನಗೊಂಡಿತು. ವಿಪರ್ಯಾಸವೆಂದರೆ, ತುಳಿಯಲು ಬಹಳ ಗಟ್ಟಿಯೆಂದು ಹೆಸರಾದ ಕ್ಲಚ್ ಪೆಡಲ್ ಈ ಕಾರಿನದೇ. ಅದರ ಕ್ಲಚ್ ಬದಲಾಯಿಸಲು ಎಂಜಿನನ್ನೇ ಹೊರತೆಗೆಯಬೇಕಾಗುತ್ತದೆ.

ನಿವೃತ್ತಿ ಮತ್ತು ನಿಧನ

ಎಪ್ಪತ್ತರ ದಶಕದ ಆರಂಭದಲ್ಲಿ ಬೊಲಿವಿಯಾದಿಂದ ಬಂದಿದ್ದ ದೊಡ್ಡ ಟ್ರ್ಯಾಕ್ಟರ್ ಬೇಡಿಕೆ ರದ್ದಾಗಿ ಹಣದ ಮುಗ್ಗಟ್ಟು ಉಂಟಾಯಿತು. ಟ್ರ್ಯಾಕ್ಟರ್ ಸಂಸ್ಥೆ ಸಾಮೆ ಕಂಪನಿಯ ಪಾಲಾಯಿತು. ಕಾರು ಸಂಸ್ಥೆಯ ಶೇ. 51ರಷ್ಟು ಪಾಲನ್ನು 1972ರಲ್ಲಿ ಜಾರ್ಜ್-ಆನ್ರಿ ರೊಸೆಟ್ಟಿ ಅವರಿಗೂ, ಉಳಿದುದನ್ನು 1974ರಲ್ಲಿ ರೆನೆ ಲೈಮರ್ ಅವರಿಗೂ ಮಾರಿದರು.

ಬಳಿಕ ಉಂಬ್ರಿಯಾ ಪ್ರದೇಶದ ಟ್ರಾಸಿಮೆನೊ ಸರೋವರದ ಬಳಿ, ಪಾನಿಕರೋಲಾ ಎಂಬಲ್ಲಿ ಜಮೀನು ಮಾಡಿಕೊಂಡು ಹೆತ್ತವರ ವೃತ್ತಿಯಾದ ದ್ರಾಕ್ಷಿ ಕೃಷಿಗೆ ಮರಳಿದರು. ಅಲ್ಲಿ ತಯಾರಾದ ವೈನಿಗೆ ಮಿಯುರಾದ ರಕ್ತ ಎಂಬರ್ಥದ ಹೆಸರು ರೂಢಿಯಾಯಿತು. 1993ರ ಫೆಬ್ರವರಿ 20ರಂದು, 76ನೆಯ ವಯಸ್ಸಿನಲ್ಲಿ, ಪೆರೂಜಾ ನಗರದಲ್ಲಿ ನಿಧನರಾದರು. ಬೊಲೊನ್ಯಾ ಸಮೀಪದ ಫೂನೊ ಎಂಬಲ್ಲಿ ಟೋನಿನೊ ಸ್ಥಾಪಿಸಿದ ವಸ್ತುಸಂಗ್ರಹಾಲಯದಲ್ಲಿ ಕಾರಿಯೊಕಾ ಟ್ರ್ಯಾಕ್ಟರು ಮತ್ತು ಮಿಯುರಾ ಕಾರು ಒಂದೇ ಸೂರಿನಡಿ ನಿಂತಿವೆ.