ಗಾಜಿನ ತೊಟ್ಟಿಗೆ ಕಡಲನ್ನು ತಂದ ಫಿಲಿಪ್ ಹೆನ್ರಿ ಗಾಸ್

ಗುಜರಾತಿನ ನಗರಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿಯೂ, ಹೋಟೆಲುಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೂ ಮೀನಿನ ಗಾಜುತೊಟ್ಟಿ ಅಪರೂಪವಲ್ಲ. ಇದಕ್ಕೆ ಅಕ್ವೇರಿಯಂ ಎಂಬ ಹೆಸರನ್ನು ಈಗಿನ ಅರ್ಥದಲ್ಲಿ ರೂಢಿಗೆ ತಂದ ಮಹನೀಯರು ಫಿಲಿಪ್ ಹೆನ್ರಿ ಗಾಸ್. ಅವರ ಕೀರ್ತಿಯನ್ನೂ, ಅದರ ಹಿಂದೆಯೇ ಬಂದ ವ್ಯಥೆಯನ್ನೂ ವಾಚಕರು ತಿಳಿದಿರುವುದು ಒಳ್ಳೆಯದು.

ಗಾಸ್ 1810ರಲ್ಲಿ ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ ಜನಿಸಿದರು. ತಂದೆ ಊರೂರು ಅಲೆದು ಕಿರುಚಿತ್ರಗಳನ್ನು ಬರೆಯುತ್ತಿದ್ದ ಬಡ ಕಲಾವಿದ. ಹದಿನೇಳನೆಯ ವಯಸ್ಸಿನಲ್ಲಿಯೇ ಹೊಟ್ಟೆಪಾಡಿಗಾಗಿ ಕಡಲು ದಾಟಿ ನ್ಯೂಫೌಂಡ್‌ಲ್ಯಾಂಡಿನ ವರ್ತಕರೊಬ್ಬರಲ್ಲಿ ಗುಮಾಸ್ತೆಯಾದರು. ಅನಂತರ ಕೆನಡಾದಲ್ಲಿ ಬೇಸಾಯ ಹೂಡಿ ಸೋತರು, ಅಲಬಾಮಾದಲ್ಲಿ ಉಪಾಧ್ಯಾಯರಾದರು. ಪರಸ್ಥಳದ ದುಡಿಮೆಯ ನಡುವೆಯೂ ಕೀಟಗಳನ್ನು ನೋಡುವ, ಬರೆಯುವ, ಚಿತ್ರಿಸುವ ಅಭ್ಯಾಸವನ್ನು ಬಿಡಲಿಲ್ಲ. ಅದೇ ಅವರ ವಿದ್ಯಾಲಯವಾಯಿತು.

ಕಡಲ ಜೀವಿಯನ್ನು ಮನೆಯೊಳಗೆ ಬದುಕಿಸುವುದು ಅಂದು ದುಸ್ಸಾಧ್ಯವೆನಿಸಿತ್ತು. ಲಂಡನ್ನಿನ ಅನ್ನಾ ಥಿನ್ ಎಂಬ ಮಹಿಳೆ 1846ರಿಂದ ಹವಳದ ಜೀವಿಗಳನ್ನು ಸಾಕಿದ್ದರು. ನೀರಿಗೆ ಗಾಳಿ ಬೆರೆಯಲೆಂದು ದಾಸಿ ಅದನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯಬೇಕಾಗಿತ್ತು. ಜಲಸಸ್ಯಗಳು ಬಿಡುವ ಪ್ರಾಣವಾಯುವಿನಿಂದ ಪ್ರಾಣಿಗಳು ಬದುಕಬಲ್ಲವೆಂಬುದನ್ನು ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಸಿಹಿನೀರಿನಲ್ಲಿ ತೋರಿಸಿದರು. 1852ರಲ್ಲಿ ಆರೋಗ್ಯಕ್ಕಾಗಿ ಡೆವನ್ ತೀರಕ್ಕೆ ಹೋದ ಗಾಸ್ ಮಹಾಶಯರು ಕಡಲಪಾಚಿಯೊಡನೆ ಅದೇ ತತ್ತ್ವವನ್ನು ಪ್ರಯೋಗಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮತ್ಸ್ಯಾಗಾರ ತೆರೆಯಿತು. 1854ರ ತಮ್ಮ ಗ್ರಂಥದಿಂದ ಅವರು ಮನೆಮಾತಾದರು. ನಾಲ್ಕು ಲವಣಗಳನ್ನು ಬೆರೆಸಿ ಕೃತಕ ಕಡಲನೀರು ಮಾಡುವ ವಿಧಾನವನ್ನೂ ತಿಳಿಸಿದ್ದರಿಂದ, ಅಹಮದಾಬಾದಿನಂತೆ ಕಡಲಿಗೆ ದೂರವಾದ ಊರಿನವರಿಗೂ ಈ ಹವ್ಯಾಸ ಎಟುಕಿತು.

ಆದರೆ ಫಲ ಕಹಿಯಾಯಿತು. ಜನರು ಬುಟ್ಟಿ, ಉಳಿ ಹಿಡಿದು ತೀರಕ್ಕೆ ನುಗ್ಗಿದರು. ಯುಗಯುಗಗಳಿಂದ ತುಂಬಿದ್ದ ಬಂಡೆಯ ಮಡುಗಳು ಬರಿದಾದವು. ಹಿಡಿದೊಯ್ದ ಜೀವಿಗಳು ಅಜ್ಞಾನಿಗಳ ತೊಟ್ಟಿಗಳಲ್ಲಿ ಕೊಳೆತವು. 1857ರಲ್ಲಿ ಪತ್ನಿ ಎಮಿಲಿಯನ್ನು ಕಳೆದುಕೊಂಡು ನೊಂದಿದ್ದ ಗಾಸ್ ಅವರಿಗೆ, ತಮ್ಮ ಪುಸ್ತಕವೇ ಈ ಹಾನಿಗೆ ಕಾರಣವೆಂಬ ಕೊರಗೂ ಸೇರಿತು. ಅವರು 1888ರಲ್ಲಿ ತೀರಿಕೊಂಡರು. ತಂದೆಯ ಈ ಸಂಕಟವನ್ನು ಮಗ ಎಡ್ಮಂಡ್ 1907ರಲ್ಲಿ ಬರೆದಿಟ್ಟರು.

ಈ ಚರಿತ್ರೆ ನಮಗೆ ದೂರದ್ದಲ್ಲ. ಬರೋಡಾ ಸಂಸ್ಥಾನಕ್ಕೆ ಸೇರಿದ್ದ ಓಖಾಮಂಡಲದ ಕಡಲಜೀವಿಗಳನ್ನು ಕುರಿತು ಜೇಮ್ಸ್ ಹಾರ್ನೆಲ್ 1909ರಲ್ಲಿ ವರದಿ ಪ್ರಕಟಿಸಿದರು. ಕಚ್ಛ್ ಕೊಲ್ಲಿಯ ತೀರ 1980ರಲ್ಲಿ ಅಭಯಧಾಮವೂ, 1982ರಲ್ಲಿ ಅದರ ಒಂದು ಭಾಗ ರಾಷ್ಟ್ರೀಯ ಉದ್ಯಾನವೂ ಆಯಿತು. ಆ ಕೊಲ್ಲಿಯಲ್ಲಿ ಕಡಲಕುದುರೆಯೂ ಉಂಟು. ಅದಕ್ಕೆ ಹಲ್ಲಿಲ್ಲ, ಜಠರವಿಲ್ಲ. ತಿಂದದ್ದು ಬೇಗ ಕರುಳಿನಲ್ಲಿ ಸಾಗಿಹೋಗುವುದರಿಂದ ದಿನವೆಲ್ಲ ಸೂಕ್ಷ್ಮ ಸಿಗಡಿಯಂಥ ಜೀವಿಗಳನ್ನು ಹೀರುತ್ತಲೇ ಇರಬೇಕು. ಕಡಲಿನಿಂದ ಹಿಡಿದು ತಂದ ಕುದುರೆ ಸತ್ತ ಆಹಾರವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಣಹಿಟ್ಟು ಹಾಕಿದ ತೊಟ್ಟಿಯಲ್ಲಿ ಅದು ಬಾಲದಿಂದ ಕಡ್ಡಿಯನ್ನು ಹಿಡಿದುಕೊಂಡೇ ಉಪವಾಸದಿಂದ ಸಾಯುತ್ತದೆ. ಮೊಟ್ಟೆಗಳನ್ನು ಚೀಲದಲ್ಲಿ ಹೊರುವುದು ಗಂಡು. ಅಂಥ ಗಂಡೊಂದು ಸತ್ತರೆ ಸಂಸಾರವೇ ಅಳಿದಂತೆ. ಭಾರತ ಸರ್ಕಾರವು 2001ರಲ್ಲಿ ಕಡಲಕುದುರೆಯನ್ನು ವನ್ಯಜೀವಿ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಿತು. ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ.

ಮಕ್ಕಳಿಗೆ ಕಡಲಿನ ಸೊಬಗನ್ನು ತೋರಿಸಬೇಕೆಂದರೆ ಸೂರತ್ತಿನ ನಗರಪಾಲಿಕೆಯ ಮತ್ಸ್ಯಾಲಯವಿದೆ. ಅಹಮದಾಬಾದಿನ ಸೈನ್ಸ್ ಸಿಟಿಯಲ್ಲಿ 2021ರಲ್ಲಿ ತೆರೆದ ಜಲಜೀವಿಗಳ ಪ್ರದರ್ಶನಶಾಲೆಯಿದೆ. ಮನೆಯ ತೊಟ್ಟಿಗೆ ಸಾಕಣೆಯಲ್ಲಿಯೇ ಹುಟ್ಟಿದ ಸಾಮಾನ್ಯ ಮೀನು ಸಾಕು. ಕಡಲನ್ನು ಅಷ್ಟೊಂದು ಪ್ರೀತಿಸಿದ ಗಾಸ್ ಅವರಿಗೇ ಅದರ ಹಾನಿಯನ್ನು ತಡೆಯಲಾಗಲಿಲ್ಲ. ಅವರು ಪಶ್ಚಾತ್ತಾಪದಿಂದ ಕಲಿತದ್ದನ್ನು ನಾವು ವಿವೇಕದಿಂದ ಕಲಿಯೋಣ.