ಕಬ್ಬಿಣದ ರೆಂಟೆಯ ಲಕ್ಷ್ಮಣರಾಯರು

ಸವದತ್ತಿಯ ನೆರೆಯ ಗುರ್ಲಹೊಸೂರು ನಾಟಕ ಸಾಹಿತ್ಯ ಓದಿದವರಿಗೆ ಅಪರಿಚಿತವಲ್ಲ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಅಲ್ಲಿಯೇ. ಅವರ ‘ಸಂಗೀತ ಶಾಕುಂತಲ’ದ ಪ್ರಭಾವ ಉತ್ತರ ಕರ್ನಾಟಕದ ಕನ್ನಡ ರಂಗಭೂಮಿಯ ಮೇಲೂ ಬಿದ್ದಿತು. ಅದೇ ಊರಿನಲ್ಲಿ 1869ರ ಜೂನ್ 20ರಂದು ಅದೇ ಅಡ್ಡಹೆಸರಿನ ಇನ್ನೊಬ್ಬ ಹುಡುಗ ಹುಟ್ಟಿದ. ತಂದೆ ಕಾಶಿನಾಥಪಂತರು ವೇದಾಂತ ಬಲ್ಲವರು. ಮಗ ಲಕ್ಷ್ಮಣನಿಗೆ ಮಾತ್ರ ಪುಸ್ತಕದ ಪಾಠ ಹಿಡಿಸಲಿಲ್ಲ. ಚಿತ್ರ ಬರೆಯುವುದು, ಕೈಗೆ ಸಿಕ್ಕ ಯಂತ್ರವನ್ನು ಬಿಚ್ಚಿ ನೋಡುವುದು, ಇವೆರಡೇ ಅವನ ಆಸಕ್ತಿ.

ಹಿರಿಯಣ್ಣ ರಾಮಣ್ಣನವರ ನೆರವಿನಿಂದ ಲಕ್ಷ್ಮಣರಾಯರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ವಿಧಿ ಒಂದು ವಿಚಿತ್ರ ಆಟ ಆಡಿತು. ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ವರ್ಣಚಿತ್ರಕಾರನಾಗುವ ಆಸೆ ಅಲ್ಲಿಗೆ ಮುಗಿಯಿತು, ರೇಖೆ ಮಾತ್ರ ಉಳಿಯಿತು. ಅವರು ಯಂತ್ರಗಳ ನಕಾಶೆ ಬಿಡಿಸುವ ವಿದ್ಯೆಯನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಅಧ್ಯಾಪಕರಾದರು. ಬಿಡುವಿನ ಹೊತ್ತನ್ನು ಅಲ್ಲಿನ ಯಂತ್ರಶಾಲೆಯಲ್ಲಿ ಕಳೆದರು. ಬಣ್ಣ ಕೈಕೊಟ್ಟಿತು, ಗೆರೆ ಕೈಹಿಡಿಯಿತು. ಮುಂದಿನ ಐವತ್ತು ವರ್ಷಗಳ ಕೆಲಸವೆಲ್ಲ ಆ ಗೆರೆಯ ಮೇಲೆಯೇ ನಡೆಯಿತು.

ಈ ನಡುವೆ 1888ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ ಬಂಧುಗಳ ಸೈಕಲ್ ಅಂಗಡಿ ತೆರೆದಿತ್ತು. ತಮ್ಮ ಮುಂಬಯಿಯಿಂದ ಸೈಕಲ್ಲು ಕಳುಹಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರಿ, ಕೊಂಡವರಿಗೆ ಸವಾರಿಯನ್ನೂ ಕಲಿಸುವುದು. ಮುಂಬಯಿಯ ನೌಕರಿಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ, ತಾವು ಭಾರತೀಯರೆಂಬುದೇ ಅದಕ್ಕೆ ಕಾರಣವೆಂದು ಲಕ್ಷ್ಮಣರಾಯರಿಗೆ ಸ್ಪಷ್ಟವಾಯಿತು. ಅವರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಮರಳಿದರು.

ಸೈಕಲ್ಲು ಮಾರುವುದು ಪರದೇಶದ ಸರಕಿಗೆ ದಲ್ಲಾಳಿಯಾಗುವ ಕೆಲಸ. ಅದರಲ್ಲಿ ಅವರ ಮನಸ್ಸು ಬಹುಕಾಲ ನಿಲ್ಲಲಿಲ್ಲ. ಸುತ್ತಲಿನ ಒಕ್ಕಲಿಗನ ಮನೆಯಲ್ಲಿ ಏನು ಬೇಕಾಗಿದೆ ಎಂದು ನೋಡಿದರು. ಮೊದಲು ತಯಾರಾದದ್ದು ಮೇವು ಕತ್ತರಿಸುವ ಯಂತ್ರ. ಜೋಳದ ದಂಟನ್ನು ಇಡಿಯಾಗಿ ಹಾಕಿದರೆ ದನ ಎಲೆಯನ್ನು ತಿಂದು ಬುಡವನ್ನು ಬಿಡುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ಅದೇ ಮೇವು ಹೆಚ್ಚು ದಿನ ಬರುತ್ತದೆ. ಬರ ಕಂಡ ನಾಡಿಗೆ ಇದರ ಬೆಲೆಯನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಕಬ್ಬಿಣದ ರೆಂಟೆಯ ಸರದಿ ಬಂತು. ಮರದ ನೇಗಿಲು ನೆಲವನ್ನು ಗೀರುತ್ತದೆ, ಮಗುಚುವುದಿಲ್ಲ. ಎರೆಭೂಮಿಯಲ್ಲಿ ಆಳಕ್ಕೆ ಬೇರೂರಿದ ಗರಿಕೆ ಅದಕ್ಕೆ ಜಗ್ಗುವುದಿಲ್ಲ. ಕಬ್ಬಿಣದ ರೆಂಟೆಯಾದರೋ ಮಣ್ಣನ್ನು ಆಳದಿಂದ ಎತ್ತಿ ಮಗ್ಗುಲಿಗೆ ಹೊರಳಿಸುತ್ತದೆ; ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಇಂಗ್ಲೆಂಡಿನಿಂದ ಬರುತ್ತಿದ್ದ ರೆಂಟೆಗಳನ್ನು ನೋಡಿ, ಇಲ್ಲಿನ ಎತ್ತಿಗೂ ಮಣ್ಣಿಗೂ ಹೊಂದುವಂತೆ ಲಕ್ಷ್ಮಣರಾಯರು ತಮ್ಮದನ್ನು ಎರಕ ಹೊಯ್ಯಿಸಿದರು. ಕೆಲಸ ಚೆನ್ನಾಗಿಯೇ ಆಯಿತು. ಕೊಳ್ಳುವವರು ಮಾತ್ರ ಬರಲಿಲ್ಲ.

ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿ ಬೇರೂರಿತ್ತು. ಮೊದಲ ರೆಂಟೆ ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು. ಇದನ್ನು ಮೂಢನಂಬಿಕೆ ಎಂದು ನಕ್ಕುಬಿಡುವುದು ಸುಲಭ. ಆದರೆ ಒಂದು ಬೆಳೆ ಕೆಟ್ಟರೆ ಸಾಲಗಾರನ ಬಾಗಿಲಿಗೆ ಹೋಗಬೇಕಾದ ಮನುಷ್ಯ, ತನ್ನ ಹೊಲವನ್ನು ಹೊಸ ಪ್ರಯೋಗಕ್ಕೆ ಒಡ್ಡಲು ಹಿಂಜರಿದರೆ ಅದರಲ್ಲಿ ಲೆಕ್ಕಾಚಾರವೂ ಇದೆ. ಆಳವಾಗಿ ಉಳುವ ಭಾರದ ರೆಂಟೆಗೆ ಒಂದೇ ಜೊತೆ ಎತ್ತು ಸಾಲುವುದಿಲ್ಲ ಎಂಬ ಮಾತೂ ಇತ್ತು. ಬಡ ಒಕ್ಕಲಿಗನಿಗೆ ಅದು ನಂಬಿಕೆಗಿಂತ ದೊಡ್ಡ ತೊಡಕು. ಹೊಲದಲ್ಲಿ ಉತ್ತು ತೋರಿಸದೆ, ಮುರಿದ ಭಾಗಕ್ಕೆ ಬದಲಿ ಭಾಗ ಸಿಗುತ್ತದೆಂಬ ಭರವಸೆ ಕೊಡದೆ ಈ ವ್ಯಾಪಾರ ನಡೆಯುವಂಥದ್ದಾಗಿರಲಿಲ್ಲ. ಗುಳ ಸವೆದರೆ ಗುಳವೊಂದನ್ನೇ ಕೊಂಡು ಕೂಡಿಸಬೇಕು. ಹಾಗೆ ಕೂಡಬೇಕಾದರೆ ಸಾವಿರ ಗುಳಗಳೂ ಒಂದೇ ಅಳತೆಯವಾಗಿರಬೇಕು. ಹಳ್ಳಿಯ ಕಮ್ಮಾರ ಪ್ರತಿ ನೇಗಿಲನ್ನೂ ಆಯಾ ರೈತನಿಗೆ ತಕ್ಕಂತೆ ಮಾಡಿಕೊಡುತ್ತಿದ್ದ. ಒಂದರಂತೆ ಇನ್ನೊಂದನ್ನು ಮಾಡುವ ಶಿಸ್ತು ಬೇರೆಯೇ ವಿದ್ಯೆ. ಮುಂಬಯಿಯಲ್ಲಿ ಕಲಿಸಿದ ನಕಾಶೆಯ ಪಾಠ ಇಲ್ಲಿ ಕೆಲಸಕ್ಕೆ ಬಂತು.

ರೆಂಟೆ ಕಾಲೂರುತ್ತಿದ್ದಂತೆ ಕಾರ್ಖಾನೆ ನೆಲ ಕಳೆದುಕೊಂಡಿತು. ಬೆಳಗಾವಿಯಲ್ಲಿ ಅದು ನಿಂತಿದ್ದ ಜಾಗ ಹೊಸ ಬಡಾವಣೆಗೆ ಬೇಕಾಗಿ, ಅಲ್ಲಿಂದ ಏಳಬೇಕಾಯಿತು. ಆ ಹೊತ್ತಿಗೆ ಲಕ್ಷ್ಮಣರಾಯರು ಔಂಧ್ ಸಂಸ್ಥಾನದಲ್ಲಿ ಸಭಾಮಂಟಪ ಕಟ್ಟುವ ಕೆಲಸ ಹಿಡಿದಿದ್ದರು. ಔಂಧಿನ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ ಸ್ವತಃ ಚಿತ್ರಕಾರ. ಬಣ್ಣ ಬಿಟ್ಟ ಕಲಾವಿದನಿಗೂ ಬಣ್ಣ ಹಿಡಿದ ಅರಸನಿಗೂ ಸ್ನೇಹ ಬೆಳೆದದ್ದು ಸಹಜವೇ. ಅರಸ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ನೆಲವನ್ನೂ ಬಡ್ಡಿಯಿಲ್ಲದೆ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. 1910ರ ಮಾರ್ಚಿಯಲ್ಲಿ, ಪಾಪಾಸುಕಳ್ಳಿ ಬೆಳೆದು ಹಾವುಗಳು ಹರಿದಾಡುತ್ತಿದ್ದ ಆ ನೆಲದಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಅಲ್ಲಿ ನೀರಿರಲಿಲ್ಲ, ಮನೆಗಳಿರಲಿಲ್ಲ, ಕುಶಲ ಕೆಲಸಗಾರರಂತೂ ಇರಲೇ ಇಲ್ಲ. ಇದ್ದದ್ದು ರೈಲು ದಾರಿ ಒಂದೇ. ಕಬ್ಬಿಣ, ಕಲ್ಲಿದ್ದಲು ಬರುವುದಕ್ಕೂ ರೆಂಟೆ ಹೋಗುವುದಕ್ಕೂ ಆ ದಾರಿ ಸಾಕಾಗಿತ್ತು.

ಕೆಲಸಗಾರರು ಸಿಗದಿದ್ದಾಗ ಅವರನ್ನು ತಯಾರಿಸಬೇಕಾಯಿತು. ಸುತ್ತಲ ಹಳ್ಳಿಯವರು, ಅಕ್ಷರ ಬಾರದವರು, ಶಾಲೆಯಲ್ಲಿ ಸೋತವರು ಬಂದು ಎರಕ, ಕಡೆಯುವಿಕೆ, ಜೋಡಣೆ ಕಲಿತರು. ಲಕ್ಷ್ಮಣರಾಯರ ಸ್ವಂತ ಓದು ಅಮೆರಿಕದ ಯಂತ್ರಪತ್ರಿಕೆಗಳಿಂದಲೂ ಕ್ಯಾಟಲಾಗುಗಳಿಂದಲೂ ಆದದ್ದು. ಪರೀಕ್ಷೆಯ ಅಂಕಗಳನ್ನು ಅವರು ಹೆಚ್ಚಾಗಿ ನಂಬಿದವರಲ್ಲ. ಜೈಲಿನಿಂದ ಬಿಡುಗಡೆಯಾದವರನ್ನು ರಾತ್ರಿ ಕಾವಲಿಗೆ ನೇಮಿಸಿದ್ದು ಆ ಕಾಲಕ್ಕೆ ಎಲ್ಲರನ್ನೂ ಬೆರಗುಗೊಳಿಸಿದ ಸಂಗತಿ. ವಾಡಿಯಲ್ಲಿ ಅಸ್ಪೃಶ್ಯತೆಗೆ ಎಡೆ ಕೊಡಬಾರದೆಂಬ ನಿಯಮವೂ ಇತ್ತು. ಕಾರ್ಖಾನೆಯನ್ನು ಊರಾಗಿ ಕಟ್ಟುವುದರಲ್ಲಿ ಯಜಮಾನಿಕೆಯ ಧೋರಣೆ ಸ್ವಲ್ಪ ಸೇರಿಯೇ ಇರುತ್ತದೆ. ಅಷ್ಟನ್ನು ಕಳೆದರೂ ಉಳಿಯುವುದು ಕಡಿಮೆಯಲ್ಲ.

1914ರಲ್ಲಿ ಮಹಾಯುದ್ಧ ಬಂತು. ಪರದೇಶದ ರೆಂಟೆ ಬರುವುದು ನಿಂತು ವಾಡಿಯ ರೆಂಟೆಗೆ ಬೇಡಿಕೆ ಏರಿತು. ಅದೇ ಯುದ್ಧ ಬೀಡುಕಬ್ಬಿಣವನ್ನೂ ತಡೆಯಿತು. ಕೊಳ್ಳುವವರು ಸಾಲುಗಟ್ಟಿದಾಗ ಕುಲುಮೆಗೆ ಹಾಕಲು ಏನೂ ಇಲ್ಲದಂತಾಯಿತು. ಆಗ ಕೊಲ್ಹಾಪುರದ ಶಾಹು ಮಹಾರಾಜರು ಕೋಟೆಗಳಲ್ಲಿ ತುಕ್ಕು ಹಿಡಿಯುತ್ತಿದ್ದ ಹಳೆಯ ತೋಪುಗಳನ್ನು ಕೊಟ್ಟರು. ತೋಪು ಕರಗಿ ರೆಂಟೆಯಾಯಿತು. ಕವಿಗೆ ಇದೊಂದು ಸಿದ್ಧ ರೂಪಕ. ಕಾರ್ಖಾನೆಗೆ ಅದು ಕಬ್ಬಿಣದ ತೂಕದ ಲೆಕ್ಕವಾಗಿತ್ತು. ದೂರದ ಬಂದರನ್ನೇ ನಂಬಿದ ಕುಲುಮೆ ಬಂದರು ಮುಚ್ಚಿದ ದಿನ ಆರುತ್ತದೆ ಎಂಬುದನ್ನು ಆ ನಾಲ್ಕು ವರ್ಷಗಳು ತೋರಿಸಿದವು.

ಮೇವಿನ ಯಂತ್ರ, ರೆಂಟೆಗಳ ಜೊತೆಗೆ ಕಬ್ಬಿನ ಗಾಣ, ಕೈಪಂಪು, ಶೇಂಗಾ ಒಡೆಯುವ ಯಂತ್ರಗಳೂ ವಾಡಿಯಲ್ಲಿ ತಯಾರಾದವು. ಈ ಕೊನೆಯದರ ಅಗತ್ಯ ಎಷ್ಟೆಂಬುದನ್ನು ತಿಳಿಯಲು ಬೆಳುಗುಪ್ಪ, ಕಲ್ಯಾಣದುರ್ಗದ ಸೀಮೆಯನ್ನು ನೆನೆದರೆ ಸಾಕು. ಮಳೆ ಕಡಿಮೆಯಿರುವ ಅನಂತಪುರದ ನೆಲಕ್ಕೆ ಶೇಂಗಾ ಜೀವನಾಧಾರದ ಬೆಳೆಯಾಯಿತು. ಆ ಕಾಲದಲ್ಲಿ ಮದ್ರಾಸು ಪ್ರಾಂತದ ಶೇಂಗಾ ಬೀಜ ಹಡಗೇರಿ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನ ಎಣ್ಣೆ ಗಿರಣಿಗಳನ್ನು ಸೇರುತ್ತಿತ್ತು. ಕೈಯಿಂದ ಒಡೆಯುವಾಗ ಸಿಪ್ಪೆ ಸುಲಭವಾಗಿ ಬಿಡಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿಯಿತ್ತು. ಆ ತೇವ ಹಡಗಿನ ಒಡಲಲ್ಲಿ ಬೀಜವನ್ನು ಕೆಡಿಸುತ್ತಿತ್ತು; ಕೆಟ್ಟ ಮಾಲಿಗೆ ಬೆಲೆ ಇಳಿದರೆ ಏಟು ತಗಲುತ್ತಿದ್ದುದು ಹೊಲದಲ್ಲಿದ್ದವನಿಗೆ. ಒಣಗಿದ ಕಾಯನ್ನೇ ಒಡೆಯುವ ಯಂತ್ರ ಬಂದದ್ದು ಅದಕ್ಕೆ ಪರಿಹಾರ. ಒಡೆಯುವ ಕೂಲಿಯನ್ನು ನೆಚ್ಚಿದ್ದ ಹೆಂಗಸರ ಗತಿಯೇನಾಯಿತೆಂಬ ಪ್ರಶ್ನೆಯನ್ನು ಮಾತ್ರ ಯಂತ್ರಗಳ ಚರಿತ್ರೆ ಸಾಮಾನ್ಯವಾಗಿ ಎತ್ತುವುದಿಲ್ಲ.

1920ರಲ್ಲಿ ಸಂಸ್ಥೆ ಲಿಮಿಟೆಡ್ ಕಂಪನಿಯಾಯಿತು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿದ ಮಗ ಶಂತನುರಾವ್ 1926ರಲ್ಲಿ ಮರಳಿದರು; ಪಂಪುಗಳ ತಯಾರಿಕೆ ಆರಂಭವಾದದ್ದೂ ಆ ವರ್ಷವೇ. 1941ರಲ್ಲಿ, ಇನ್ನೊಂದು ಯುದ್ಧದ ನಡುವೆ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಎದ್ದಿತು. ಅಲ್ಲಿ ತಯಾರಾದದ್ದು ಲೇತ್, ಅಂದರೆ ಯಂತ್ರವನ್ನು ಮಾಡುವ ಯಂತ್ರ. ರೆಂಟೆಯ ಗುಳದಿಂದ ಲೇತಿನವರೆಗಿನ ದಾರಿ ಸುಮಾರು ನಲವತ್ತು ವರ್ಷಗಳದು. ಹರಿಹರದ ಎಷ್ಟೋ ಮನೆಗಳು ಆ ಲೇತುಗಳಿಂದ ಅನ್ನ ಕಂಡವು. ಆ ಕಾರ್ಖಾನೆ ಈಗಿಲ್ಲ.

1948ರಲ್ಲಿ ಗಾಂಧೀಜಿಯವರ ಹತ್ಯೆಯ ನಂತರದ ಗಲಭೆಯಲ್ಲಿ ಗುಂಪೊಂದು ಕಿರ್ಲೋಸ್ಕರವಾಡಿಯ ಕಾರ್ಖಾನೆಗೆ ಬೆಂಕಿ ಹಚ್ಚಿತು. ಲಕ್ಷ್ಮಣರಾಯರಿಗೆ ಆಗ ಎಪ್ಪತ್ತೆಂಟು ವರ್ಷ. ಸುಟ್ಟ ನೆಲದ ಮೇಲೆಯೇ ಕೆಲಸ ಮತ್ತೆ ಆರಂಭವಾಯಿತು. 1956ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು. 1969ರಲ್ಲಿ, ಅವರು ಹುಟ್ಟಿ ನೂರು ವರ್ಷ ತುಂಬಿದಾಗ, ಭಾರತ ಸರ್ಕಾರ ಅವರ ಅಂಚೆಚೀಟಿ ಹೊರಡಿಸಿತು. ಎಬ್ಬಿಸಿ ಕಳುಹಿಸಿದ ಬೆಳಗಾವಿಯಲ್ಲಿ ಕಿರ್ಲೋಸ್ಕರ ರಸ್ತೆ ಇದೆ. ಕುಂಡಲ್ ರೋಡ್ ಎಂದಿದ್ದ ನಿಲ್ದಾಣದ ಫಲಕದ ಮೇಲೆ ಈಗ ಇರುವ ಹೆಸರು ಕಿರ್ಲೋಸ್ಕರವಾಡಿ.